ಗುಡುಗಿಗೆ ಕೇಳಿಸದ ಆಮೆನ್

ಫೆಬ್ರವರಿ 11

ತಂಗಿ ಸೂಜಿಗೆ, ಕರ್ತನ ಹೆಸರಿನಲ್ಲಿ ವಂದನೆಗಳು. ಬೈಯುವುದಿದ್ದರೆ ಕಾಗದ ಪೂರ್ತಿ ಓದಿದ ಮೇಲೆ ಬೈ.

ನಾನು ಬದುಕಿದ್ದೇನೆ. ಒಂದು ಬಂದರಿನ ಊರಿನಲ್ಲಿದ್ದೇನೆ, ಯಾವುದೆಂದು ಬರೆಯುವುದಿಲ್ಲ. ಇದನ್ನು ತಂದುಕೊಟ್ಟ ಲಾರಿ ಡ್ರೈವರು ನಮ್ಮವನೇ. ಹಿಂದೆ ನಾನೇ ಅವನಿಗೆ ದೀಕ್ಷಾಸ್ನಾನ ಮಾಡಿಸಿದ್ದೆ, ಅವನ ಭಾರಕ್ಕೆ ಇಬ್ಬರೂ ನೀರಿಗೆ ಬಿದ್ದಿದ್ದೆವು, ನೆನಪಿರಬೇಕು. ಉತ್ತರ ಅವನ ಕೈಗೇ ಕೊಡು. ಅಂಚೆಗೆ ಹಾಕಬೇಡ, ನಮ್ಮ ಕಾಗದಗಳನ್ನು ಈಗ ನಮಗಿಂತ ಮೊದಲು ಪೊಲೀಸರು ಓದುತ್ತಾರೆ. ಅವನು ಸರಕು ಸಿಕ್ಕಾಗ ಬರುವವನು. ತಡವಾದರೆ ಗಾಬರಿಯಾಗಬೇಡ.

ಊರಲ್ಲಿ ನೂರು ಬಾಯಿ ನೂರು ಕಥೆ ಹೇಳುತ್ತಿರಬಹುದು. ನಡೆದದ್ದು ಇಷ್ಟು. ಗಿರಣಿಯ ಗೇಟಿನ ಮುಂದೆ ಪೊಲೀಸರ ಗುಂಡಿಗೆ ಮೂವರು ಸತ್ತರಲ್ಲ, ಬಾಯ್ಲರಿನವನು, ನೂಲು ಸುತ್ತುವಾಕೆ, ಕಾವಲಿನ ಮುದುಕ, ಅವರ ಹೆಸರುಗಳನ್ನು ನಾನು ಮುಂದಿನ ಭಾನುವಾರ ಪ್ರಸಂಗದಲ್ಲಿ ಹೇಳಿದೆ. ಗುಂಡು ಹಾರಿಸಿದವನಿಗೂ ಹಾರಿಸು ಅಂದವನಿಗೂ ದೇವರ ಮುಂದೆ ಒಂದೇ ಬೆಂಚು ಎಂದೆ. ಹೇಳಿ ಸುಮ್ಮನೆ ನಿಂತೆ. ನಮ್ಮ ಸಭೆ ನಿನಗೆ ಗೊತ್ತಲ್ಲ, ನಾನು ಸೀನಿದರೂ ಆಮೆನ್ ಅನ್ನುವ ಜನ. ಅವತ್ತು ಒಬ್ಬರೂ ಅನ್ನಲಿಲ್ಲ. ನೀನು ಜ್ವರ ಬಂದು ಮನೆಯಲ್ಲಿದ್ದೆ, ನಿನ್ನನ್ನು ಬಿಡು. ಅಮ್ಮ ಎರಡನೆಯ ಸಾಲಿನಲ್ಲಿ, ನನ್ನ ಕಣ್ಣೆದುರಿಗೇ ಕೂತಿದ್ದಳು. ಅವಳೂ ಅನ್ನಲಿಲ್ಲ.

ಆಮೇಲೆ ಮಹಾಕೂಟ. ಮಂತ್ರಿ ವೇದಿಕೆ ಹತ್ತಿದ. ಹಿರಿಯರೆಲ್ಲ ಸುತ್ತ ನಿಂತು ನನ್ನ ಕೈಗೆ ಅಭಿಷೇಕದ ಎಣ್ಣೆಯ ಬಾಟಲಿ ಕೊಟ್ಟರು. ಮಂತ್ರಿ ತಲೆ ಬಗ್ಗಿಸಿದ. ಆ ತಲೆಗೆ ನಾನು ಹಚ್ಚುವ ಅಗತ್ಯವೇ ಇರಲಿಲ್ಲ, ಆಗಲೇ ಮಿರಮಿರ ಮಿಂಚುತ್ತಿತ್ತು. ನಾನು ಮೈಕಿನಲ್ಲಿ ಕೇಳಿದೆ: "ಸಾಹೇಬ್ರೆ, ಗಿರಣಿ ಗೇಟಲ್ಲಿ ಸತ್ತ ಮೂವರ ಹೆಸರು ಹೇಳಿ. ಆಮೇಲೆ ಹಚ್ತೀನಿ." ಅವನಿಗೆ ಒಂದು ಹೆಸರೂ ಗೊತ್ತಿರಲಿಲ್ಲ. ನಾನು ಬಾಟಲಿಗೆ ಮುಚ್ಚಳ ಹಾಕಿದೆ. ಅಷ್ಟೇ ನಾನು ಮಾಡಿದ್ದು. ಅವನೇ ಕೊಲ್ಲಿಸಿದ ಎಂದು ನಾನು ಎಲ್ಲೂ ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ. ಸಂಜೆಯೊಳಗೆ ಜನರನ್ನು ದಂಗೆಗೆ ಎಬ್ಬಿಸಿದ ಕೇಸು.

ಅಮ್ಮನ ಮುಂದೆ ಮೊಣಕಾಲೂರಿ ಆಶೀರ್ವಾದ ಕೇಳದೆ ನಾನು ಮನೆಯಿಂದ ಹೊರಟದ್ದು ಇದೇ ಮೊದಲು. ಹೊತ್ತಿರಲಿಲ್ಲ ಎಂದು ಅವಳಿಗೆ ಹೇಳು. ನಿನಗೆ ನಿಜ ಹೇಳುತ್ತೇನೆ, ಹೊತ್ತಿತ್ತು. ಮಂತ್ರಿಯ ಕೇಸಿಗಿಂತ ಎರಡನೆಯ ಸಾಲಿನ ಮೌನ ನನ್ನನ್ನು ಹೆಚ್ಚು ಚುಚ್ಚಿತ್ತು.

ಇಲ್ಲಿ ದೋಣಿ ರಿಪೇರಿಯ ಶೆಡ್ಡಿನಲ್ಲಿ ಕೂಟ ಶುರುಮಾಡಿದ್ದೇನೆ. ತಗಡಿನ ಮಾಡು. ನಾನು ಹಲ್ಲೆಲೂಯ ಅಂದರೆ ಮಾಡೂ ಅನ್ನುತ್ತದೆ.

ನಿನ್ನ
ಗುಡುಗು


ಫೆಬ್ರವರಿ 28

ಅಣ್… …ಡುಗಿಗೆ, ಸೂ… ಯ ವಂ… …ಳು.

ಮೊದಲ ಸಾಲು ಹೀಗಾಗಿದ್ದಕ್ಕೆ ನನ್ನ ಪೆನ್ನನ್ನು ಬೈಯಬೇಡ. ಕಾಗದ ಇನ್ನೂ ಖಾಲಿ ಇರುವಾಗಲೇ ಅಮ್ಮ ಪ್ರಾರ್ಥನೆಯ ಎಣ್ಣೆಯಲ್ಲಿ ಹೆಬ್ಬೆರಳು ಅದ್ದಿ ಅದರ ತಲೆಯ ಮೇಲೆ ಒತ್ತಿದಳು. "ಬರೆದ ಮೇಲೆ ಒತ್ತಮ್ಮ, ಎಣ್ಣೆ ಮೇಲೆ ಶಾಯಿ ಹತ್ತಲ್ಲ" ಅಂದೆ. "ಮೊದ್ಲು ಪ್ರಾರ್ಥನೆ, ಆಮೇಲೆ ನಿನ್ನ ಪುರಾಣ" ಅಂದಳು. ರೋಗಿಗಳಿಗೆ ಹಚ್ಚುವ ಎಣ್ಣೆಯನ್ನು ಕಾಗದಕ್ಕೆ ಹಚ್ಚಿದವಳು ಈ ಭೂಮಿಯ ಮೇಲೆ ಇವಳೊಬ್ಬಳೇ ಇರಬೇಕು. ಈ ಕಾಗದದಲ್ಲಿ ಏನು ಬೇನೆ ಕಂಡಳೋ.

ಈಗ ನಿನ್ನ ವಿಷಯ. ನಿನ್ನ ಕಾಗದ ಓದಿ ಹೇಳಿದೆ. ಅಮ್ಮನ ಆಮೆನ್ ವಿಷಯ ಬಂದಾಗ ಬಿಟ್ಟು ಮುಂದೆ ಓದಿದೆ. ಅವಳು ನನ್ನ ಮುಖ ನೋಡಿಯೇ "ಏನು ನುಂಗ್ದೆ, ಉಗುಳು" ಅಂದಳು. ಓದಬೇಕಾಯಿತು. ಅವಳು ನನ್ನ ಕೈಯಿಂದ ಕಾಗದ ತೆಗೆದುಕೊಂಡು ಮಡಚಿದಳು. ಆಮೇಲೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ: "ನಾನಂದೆ. ಅವ್ನಿಗೆ ಕೇಳಿಸ್ಲಿಲ್ಲ. ಅವ್ನ ಬಾಯಿ ನಿಂತ್ರೂ ಅವ್ನ ಕಿವೀಲಿ ಅವ್ನ ದನಿಯೇ ಇರುತ್ತೆ."

ಅಮ್ಮ ಯಾವಾಗಲೂ ಎಲ್ಲರೂ ಅಂದು ಮುಗಿಸಿದ ಮೇಲೆ ಅನ್ನುವವಳು. ಯಾಕಮ್ಮ ಲೇಟು ಎಂದು ಒಮ್ಮೆ ಕೇಳಿದ್ದೆ. "ಏನಕ್ಕೆ ಹೂಂ ಅಂತಿದೀನಿ ಅಂತ ಯೋಚ್ನೆ ಮಾಡೋದ್ಬೇಡ್ವಾ?" ಅಂದಿದ್ದಳು. ಅವತ್ತಿನ ಪ್ರಸಂಗದ ಟೇಪು ನಿನ್ನ ಹತ್ತಿರವೇ ಇದೆಯಂತಲ್ಲ. ಅದನ್ನು ಹಾಕಿ ಕೇಳಬೇಕಂತೆ, ಅವಳ ಆಜ್ಞೆ.

ಇಲ್ಲಿಯ ಸಮಾಚಾರ. ಪ್ರಾರ್ಥನಾಲಯದಲ್ಲಿ ಹಿರಿಯರು ನಿನ್ನ ಫೋಟೊ ಇಳಿಸಿ ಆ ಜಾಗಕ್ಕೆ ಗೋಡೆ ಗಡಿಯಾರ ಹಾಕಿದ್ದಾರೆ. ಅದು ಎರಡೇ ದಿನ ನಡೆದು ನಿಂತಿತು. ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ ಈ ವರ್ಷ ನನಗೆ ಕೊಡುವುದಿಲ್ಲವಂತೆ. ನಮ್ಮ ಯಜಮಾನರನ್ನು ದೂರದ ವಿದ್ಯುತ್ ಕಚೇರಿಗೆ ವರ್ಗ ಮಾಡಿದ್ದಾರೆ, ಶನಿವಾರ ಬಂದು ಸೋಮವಾರ ಹೋಗುತ್ತಾರೆ. ನಮ್ಮ ಎದುರಿನ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಒಬ್ಬ ಕಾನ್‌ಸ್ಟೇಬಲ್ ದಿನವಿಡೀ ಕೂತಿರುತ್ತಾನೆ, ನೀನು ಬಂದರೆ ಹಿಡಿಯಲು. ದೊಡ್ಡ ಮೀಸೆ. ಅಮ್ಮ ಅವನಿಗೆ ದಿನಾ ಚಹಾ ಕಳಿಸುತ್ತಾಳೆ. ಶತ್ರುವನ್ನು ಪ್ರೀತಿಸಬೇಕಂತೆ. ಕಪ್ಪು ತೊಳೆಯುವವಳು ನಾನು.

ಅಣ್ಣ, ನಾಲಿಗೆ ಒಳ್ಳೆಯದಾದರೆ ನಾಡೆಲ್ಲ ಒಳ್ಳೆಯದು ಅನ್ನುತ್ತಾರೆ. ಒಂದು ತೊಟ್ಟು ಎಣ್ಣೆ ಹಚ್ಚಿ ಬಿಟ್ಟಿದ್ದರೆ ಏನಾಗುತ್ತಿತ್ತು? ಕೋಪದಲ್ಲಿ ಕೇಳುತ್ತಿಲ್ಲ. ನಿಜವಾಗಿ ಕೇಳುತ್ತಿದ್ದೇನೆ.

ಸೂಜಿ


ಮಾರ್ಚ್ 20

ಸೂಜಿ,

ಒಂದು ತೊಟ್ಟು ಎಣ್ಣೆ ಅನ್ನುತ್ತೀಯ. ಇದೇ ಕೈಯನ್ನು ನಾನು ಆ ನೂಲು ಸುತ್ತುವಾಕೆಯ ಕೂಸಿನ ತಲೆಯ ಮೇಲೆ ಇಟ್ಟು ಬಂದಿದ್ದೆ. ಅದೇ ವಾರ ಅದೇ ಕೈ ಮಂತ್ರಿಯ ತಲೆಗೆ ಹೋಗಬೇಕಿತ್ತು. ಹೋಗಲಿಲ್ಲ. ನಾನು ಯೋಚಿಸಿ ಮಾಡಿದ್ದಲ್ಲ, ಕೈ ಹೋಗಲೇ ಇಲ್ಲ. ಸಮವಸ್ತ್ರದ ಕೆಲಸ ಹೋದದ್ದಕ್ಕೆ ಪ್ರಾರ್ಥಿಸುತ್ತಿದ್ದೇನೆ. ಒಂದು ಬಾಗಿಲು ಮುಚ್ಚಿದವನು ಇನ್ನೊಂದು ತೆರೆಯುತ್ತಾನೆ. ಧೈರ್ಯವಾಗಿರು.

ಅಮ್ಮನ ಮನಸ್ಸು ದೊಡ್ಡದು. ಮಗ ನೊಂದಿದ್ದಾನೆಂದು ಗೊತ್ತಾಗಿ 'ನಾನಂದೆ' ಅನ್ನುತ್ತಿದ್ದಾಳೆ. ಇರಲಿ. ಆ ಮೌನದಲ್ಲಿ ನಾನು ನಿಂತಿದ್ದೆ, ನೀನು ನಿಂತಿರಲಿಲ್ಲ. ಸೂಜಿ ಬಿದ್ದರೂ ಕೇಳುವಂತಿತ್ತು, ನಿನ್ನಾಣೆ. ಟೇಪು ಪೆಟ್ಟಿಗೆಯ ತಳದಲ್ಲಿದೆ. ನನ್ನ ಪ್ರಸಂಗವನ್ನು ನಾನೇ ಕೂತು ಕೇಳಲು ನನಗೆಲ್ಲಿದೆ ಪುರುಸೊತ್ತು? ಒಂದು ದಿನ ಅದು ಸಾಕ್ಷಿಗೆ ಬೇಕಾಗುತ್ತದೆ, ಅದಕ್ಕೆ ಇಟ್ಟಿದ್ದೇನೆ.

ಇಲ್ಲಿ ಶೆಡ್ಡು ಸಾಲುತ್ತಿಲ್ಲ. ಹಡಗಿನಿಂದ ಸರಕು ಇಳಿಸುವವರು, ತುಕ್ಕು ಕೆರೆಯುವವರು, ಬಲೆ ಹೆಣೆಯುವವರು, ಎಲ್ಲರೂ ಬರುತ್ತಾರೆ. ಹಗಲು ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೇನೆ, ದೇವರ ಸೇವೆಗೆ ಬರುವ ಮುಂಚಿನ ಕಸುಬು ಕೈ ಬಿಟ್ಟಿಲ್ಲ. ಸರಕಿನವರ ಕೂಲಿ ಕಡಿತ ಮಾಡಿದ್ದಾರೆ, ಗೇಟಿನ ಮುಂದೆ ಸೇರುತ್ತಿದ್ದಾರೆ. ನನ್ನನ್ನು ಮಾತಾಡು ಎಂದು ಕರೆದಿದ್ದಾರೆ. ಬೇಡ ಅನ್ನುತ್ತೀಯೆಂದು ಗೊತ್ತು. ಆದರೆ ಅಲ್ಲಿ ನಿಂತು ನಾನು ಆ ಮೂವರ ಹೆಸರು ಇನ್ನೊಮ್ಮೆ ಹೇಳಬೇಕು. ಒಂದು ಆಮೆನ್ ಆದರೂ ಬರುತ್ತದೋ ನೋಡೋಣ.

ಗುಡುಗು


ಏಪ್ರಿಲ್ 30

ಅಣ್ಣ ಗು… …ಗೆ, ಸೂಜಿ… ವಂದನೆ…

ಲಾರಿಯವನು ಎರಡು ಸಲ ಬಂದುಹೋದ. ಎರಡು ಸಲವೂ ಬರಿಗೈ. "ಶೆಡ್ಡಿಗೆ ಬೀಗ ಹಾಕಿತ್ತು ಅಕ್ಕ, ಯಾರೂ ಬಾಯಿ ಬಿಡ್ತಿಲ್ಲ" ಅಂದ. ಬಂದರಿನಲ್ಲಿ ಲಾಠಿ ಬೀಸಿದರೆಂದು ರೇಡಿಯೊದಲ್ಲಿ ಒಂದೇ ಸಾಲು ಬಂತು. ನಾನು ಅಮ್ಮನಿಗೆ ಕೇಳಿಸದಂತೆ ಸಣ್ಣ ಮಾಡಿದೆ. ಅವಳಿಗೆ ಕೇಳಿಸಿತ್ತು ಎಂದು ಆಮೇಲೆ ಗೊತ್ತಾಯಿತು. ಅವತ್ತು ಊಟ ಮಾಡದೆ ಪ್ರಾರ್ಥನೆಗೆ ಕೂತಳು. ಕೇಳಿದರೆ ಹೊಟ್ಟೆ ಸರಿಯಿಲ್ಲ ಅಂದಳು.

ಅವಳಿಗೆ ಸ್ವಲ್ಪ ಕೆಮ್ಮು ಅಷ್ಟೇ. ಚಿಂತೆ ಮಾಡಬೇಡ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ, ವಯಸ್ಸಾಯಿತಲ್ಲ. ಮೊದಲಿನಷ್ಟು ಜೋರಾಗಿ ಹೆಬ್ಬೆರಳು ಒತ್ತುವುದಿಲ್ಲ. ನೋಡು, ಮೊದಲ ಸಾಲು ಈ ಸಲ ಪರವಾಗಿಲ್ಲ.

ದಿನಾ ಕೇಳುವುದು ಒಂದೇ: "ಟೇಪು ಕೇಳಿದ್ನಂತಾ?" ಬರೆದಿಲ್ಲಮ್ಮ ಅಂದರೆ, "ಅವ್ನು ಹಟ ಮಾಡ್ತಾನೆ, ನೀನು ಬಿಡ್ಬೇಡ" ಅನ್ನುತ್ತಾಳೆ. ಅಣ್ಣ, ಅವಳಿಗೆ ಬೇರೆ ಏನೂ ಬೇಡ. ಕೂತು ಒಂದು ಸಲ ಕೇಳಿ, ಕೇಳಿಸಿತು ಅಂತ ಎರಡು ಅಕ್ಷರ ಬರೆದುಹಾಕು. ಕೇಳಿಸದಿದ್ದರೂ ಬರೆ.

ಎಲ್ಲಿದ್ದೀಯ? ಬೈಯಲಾದರೂ ಬರೆ.

ಸೂಜಿ


ಮೇ 25

ಪ್ರೀತಿಯ ತಂಗಿಗೆ,

ತಡವಾಯಿತು, ಕ್ಷಮಿಸು. ಸ್ವಲ್ಪ ಜ್ವರ, ಗಂಟಲು ನೋವು. ಈಗ ವಾಸಿ. ನಿನ್ನ ಏಪ್ರಿಲ್ ಕಾಗದ ಮೊನ್ನೆ ಕೈಸೇರಿತು.

ಕೂಟಗಳು ಚೆನ್ನಾಗಿ ನಡೆಯುತ್ತಿವೆ. ಈಗೀಗ ನಾನು ಬರೆದುಕೊಡುತ್ತೇನೆ, ಕ್ಯಾಂಟೀನಿಗೆ ಹೊಸದಾಗಿ ಬಂದಿರುವ ಅಡುಗೆಯಾಕೆ ನಿಂತು ಓದುತ್ತಾಳೆ. ಜನರಿಗೆ ಬೇರೆ ಬೇರೆ ದನಿ ಕೇಳಿಸುವುದು ಒಳ್ಳೆಯದು. ಅವಳು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ, ಅದಕ್ಕೇ ಜನ ಹೆಚ್ಚು ಗಮನವಿಟ್ಟು ಕೇಳುತ್ತಾರೆ. ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಇಷ್ಟು ವರ್ಷ ನಾನು ಹಿಂದಿನ ಬೆಂಚಿನಲ್ಲಿ ಕೂತೇ ಇರಲಿಲ್ಲ. ಅಲ್ಲಿಂದ ಎಲ್ಲರ ಬೆನ್ನು ಕಾಣುತ್ತದೆ. ಯಾರ ಅಂಗಿ ಎಲ್ಲಿ ಹರಿದಿದೆ, ಯಾರು ಸದ್ದಿಲ್ಲದೆ ಅಳುತ್ತಿದ್ದಾರೆ, ಎಲ್ಲ.

ವೆಲ್ಡಿಂಗ್ ಅಂಗಡಿಯಲ್ಲಿ ಯಾರೂ ಮಾತಾಡುವುದಿಲ್ಲ. ಮುಖಕ್ಕೆ ಕವಚ, ಕೈಯಲ್ಲಿ ಕಿಡಿ, ಏನಿದ್ದರೂ ಸನ್ನೆ. ನನಗೆ ಅದು ಹಿತವಾಗಿದೆ.

ಅಮ್ಮನ ಕೆಮ್ಮಿಗೆ ಡಾಕ್ಟರನ್ನು ತೋರಿಸು. ಪ್ರಾರ್ಥನೆ ಸಾಕು ಅನ್ನುತ್ತಾಳೆ, ಕೇಳಬೇಡ. ಪ್ರಾರ್ಥನೆಯನ್ನೂ ಮಾಡಲಿ, ಔಷಧಿಯನ್ನೂ ಕುಡಿಯಲಿ. ಗುಣಪಡಿಸುವವನಿಗೆ ಯಾವ ದಾರಿಯಾದರೂ ಒಂದೇ ಎಂದು ನಾನು ಹೇಳಿದೆನೆಂದು ಹೇಳು. ಟೇಪಿನ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ನಿನ್ನ ಅಣ್ಣ


ಜೂನ್ 9

ಅಣ್ಣ, ಅಮ್ಮ ಹೋದಳು.

ಇದನ್ನು ಕಳಿಸುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಎಲ್ಲಾದರೂ ಒಂದು ಕಡೆ ಬರೆಯದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ. ಬರೆದು ಹೊಲಿಗೆ ಯಂತ್ರದ ಖಾನೆಗೆ ಹಾಕುತ್ತೇನೆ.

ಕೆಮ್ಮಲ್ಲ, ಅವಳ ಎದೆಯಲ್ಲಿ ನೀರು ತುಂಬಿತ್ತು. ನಿನ್ನ ಮಾತಿನಂತೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಹಾಸಿಗೆಯ ಮೇಲೂ ಪಕ್ಕದ ಹೆಂಗಸಿನ ಕಾಲಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದಳು. ನರ್ಸು ಬೈದಳು. ಅಮ್ಮ ನರ್ಸಿಗೂ ಹಚ್ಚಿದಳು.

ಕೊನೆಯ ಎರಡು ದಿನ ಮಾತಾಡಿದ್ದು ಕಡಿಮೆ. ಒಂದು ಮಾತು: "ಅವ್ನಿಗೆ ಹೇಳ್ಬೇಡ. ಹೇಳಿದ್ರೆ ಬಂದ್ಬಿಡ್ತಾನೆ. ನನ್ನ ಮಣ್ಣು ಅವ್ನಿಗೆ ಬೋನಾಗೋದು ಬೇಡ." ನನ್ನ ಕೈ ಹಿಡಿದು ಆಣೆ ಮಾಡಿಸಿದಳು. ಆಣೆ ಮಾಡಬಾರದು ಎಂದು ನಮಗೆ ಕಲಿಸಿದವಳೇ ಅವಳು.

ಇನ್ನೊಂದು ಮಾತು, ನಿನಗೆ ಗೊತ್ತಿರುವುದೇ. "ಟೇಪು ಕೇಳಿದ್ನಂತಾ?"

"ಕೇಳಿದ್ನಂತೆ ಅಮ್ಮ" ಅಂದೆ.

"ಏನಂದ?"

"ಕೇಳಿಸ್ತಂತೆ" ಅಂದೆ. ಕಣ್ಣು ಮುಚ್ಚಿಕೊಂಡೇ ನಕ್ಕಳು. ಆಮೇಲೆ ಏನೂ ಕೇಳಲಿಲ್ಲ.

ಹಿರಿಯರು ಬರಲಿಲ್ಲ. ಅವರ ಭಯ ಅವರಿಗೆ. ನಮ್ಮ ಯಜಮಾನರಿಗೆ ರಜೆ ಕೊಡಲಿಲ್ಲ. ಬಂದವರಲ್ಲಿ ಮೂರು ಜನ ಹೊಸಬರಿದ್ದರು, ಇಸ್ತ್ರಿ ಮಾಡಿದ ಪ್ಯಾಂಟು, ಪೊಲೀಸ್ ಬೂಟು. ಒಬ್ಬ ಹಾಡಿನ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಹಾಡುತ್ತಿದ್ದ. ಅಮ್ಮ ಇದ್ದಿದ್ದರೆ ತಿರುಗಿಸಿ ಕೊಡುತ್ತಿದ್ದಳು. ಪೆಟ್ಟಿಗೆ ಹೊರಲು ಒಂದು ಹೆಗಲು ಕಡಿಮೆ ಬಿತ್ತು. ಎದುರು ಕಟ್ಟೆಯ ಮೀಸೆ ಬಂದು ಹೆಗಲು ಕೊಟ್ಟ. ಸಮಾಧಿಯಿಂದ ಹಿಂದಿರುಗುವಾಗ ಮೆಲ್ಲಗೆ "ನಿಮ್ಮಣ್ಣ ಬರ್ಲಿಲ್ವಲ್ಲ, ಸದ್ಯ" ಅಂದ.

ನಾನು ಅಳಲಿಲ್ಲ. ಅತ್ತರೆ ಹೊಸಬರಿಗೆ ನೀನು ಎಲ್ಲೋ ಹತ್ತಿರದಲ್ಲಿದ್ದೀಯ ಅನ್ನಿಸಬಹುದು ಎಂಬ ಯೋಚನೆ ಬಂತು. ಅದು ಯಾಕೆ ಹಾಗೆ ಅನ್ನಿಸಿತೋ ಗೊತ್ತಿಲ್ಲ. ಈಗ ಅಳುತ್ತಿದ್ದೇನೆ. ನನ್ನ ಅಮ್ಮ ಸತ್ತಿದ್ದಾಳೆ, ಹೇಳಿಕೊಳ್ಳಲು ಈ ಲೋಕದಲ್ಲಿ ಇರುವವನು ನೀನೊಬ್ಬ, ನಿನಗೆ ಹೇಳುವ ಹಾಗಿಲ್ಲ.


ಜೂನ್ 15

ಅಣ್ಣ ಗುಡುಗಿಗೆ, ಸೂಜಿಯ ವಂದನೆಗಳು.

ನಿನ್ನ ಕಾಗದ ತಲುಪಿತು. ಜ್ವರ ವಾಸಿಯಾಗಿದ್ದು ಕೇಳಿ ಸಂತೋಷ. ಅಮ್ಮ ಆರಾಮ. ಕೆಮ್ಮು ನಿಂತಿದೆ. ಈಗ ಮಲಗಿದ್ದಾಳೆ, ಎಬ್ಬಿಸಲಿಲ್ಲ.

ನೀನು ಹಿಂದಿನ ಬೆಂಚಿನಲ್ಲಿ ಕೂರುತ್ತೀಯೆಂದು ಕೇಳಿ ನಕ್ಕಳು. ಚೆನ್ನಾಗಿ ಊಟ ಮಾಡು, ಒದ್ದೆ ಬಟ್ಟೆಯಲ್ಲಿ ಮಲಗಬೇಡ ಎಂದು ಹೇಳಿದ್ದಾಳೆ. ಸದ್ಯಕ್ಕೆ ಈ ಕಡೆ ತಲೆ ಹಾಕಬಾರದಂತೆ. ಅದನ್ನು ಮೂರು ಸಲ ಹೇಳಿದಳು.

ಮತ್ತೆ ಆ ಆಮೆನ್ ವಿಷಯ. ಅದಕ್ಕೆ ಅವಳು ಹೇಳಿದ್ದು, "ಹೋಗ್ಲಿ ಬಿಡು, ಅವತ್ತು ನಾನು ಅನ್ಲಿಲ್ಲ ಅಂತ್ಲೇ ಇಟ್ಕೊಳ್ಳಿ." ಇನ್ನು ಅದನ್ನು ಎತ್ತುವುದು ಬೇಡವಂತೆ. ಟೇಪು ಕೇಳುವ ಅಗತ್ಯವಿಲ್ಲವಂತೆ. ನೀನೂ ಮರೆತುಬಿಡು.

ನನಗೆ ಪರದೆ ಹೊಲಿಯುವ ಕೆಲಸ ಸಿಕ್ಕಿದೆ. ಆಸ್ಪತ್ರೆಯದು, ಹಸಿರು ಬಟ್ಟೆ. ಉದ್ದಕ್ಕೆ ನೇರ ಹೊಲಿಗೆ, ತಲೆ ಓಡಿಸಬೇಕಾಗಿಲ್ಲ.

ಮೇಲೆ ಅಮ್ಮನ ಹೆಬ್ಬೆರಳಿನ ಎಣ್ಣೆ ಇದೆ, ನೋಡು.

ಸೂಜಿ


ಆಗಸ್ಟ್ 3

ನನ್ನ ತಂಗಿಗೆ,

ನಿನ್ನ ಜೂನ್ ಕಾಗದವನ್ನು ಎದುರಿಗಿಟ್ಟುಕೊಂಡು ಕೂತಿದ್ದೇನೆ. ಎಣ್ಣೆಯ ಕಲೆ ಇದೆ. ಅದರ ಅಡಿಯಲ್ಲಿ ನಿನ್ನ ಮೊದಲ ಸಾಲು ಒಂದು ಅಕ್ಷರವೂ ಮುರಿಯದೆ ನಿಂತಿದೆ. ನೀನು ಬರೆದು ಮುಗಿಸಿದ ಮೇಲೆ ನೆನಪಾಗಿ ಒತ್ತಿದ್ದೀಯ. ಮೊದಲು ನೋಡಿದಾಗ, ಅಮ್ಮ ಕೊನೆಗೂ ನಿನ್ನ ಮಾತು ಕೇಳಿರಬಹುದು ಎಂದುಕೊಂಡೆ. ಆದರೆ ಮುಂದೆ 'ನಾನು ಅನ್ನಲಿಲ್ಲ ಅಂತಲೇ ಇಟ್ಟುಕೊಳ್ಳಿ' ಎಂಬ ಮಾತು ಬಂತು. ಸೂಜಿ, ನಮ್ಮ ಅಮ್ಮ ಕೊಟ್ಟ ಆಮೆನನ್ನು ಹಿಂದಕ್ಕೆ ತೆಗೆದುಕೊಳ್ಳುವವಳಾ? ಬದುಕಿದ್ದರೆ ಆ ಮಾತು ಅವಳ ಬಾಯಿಂದ ಬರುತ್ತಿತ್ತಾ?

ಲಾರಿಯವನನ್ನು ಕೇಳಿದೆ. ಅವನು ಸ್ಟಿಯರಿಂಗಿನ ಮೇಲೆ ತಲೆ ಇಟ್ಟು ಅತ್ತ. ಅವನನ್ನು ಬೈಯಬೇಡ.

ನಿನ್ನ ಮೇಲೆ ಕೋಪವಿಲ್ಲ. ಹೇಳಬೇಡ ಅಂದವಳು ಅವಳೇ ಎಂದು ನೀನು ಬರೆಯದೆಯೂ ಗೊತ್ತು. ಅವಳ ಮಾತಿನಂತೆ ನಾನು ಊರಿಗೆ ಬರುವುದೂ ಇಲ್ಲ. ನೀನು ಒಬ್ಬಳೇ ಮಣ್ಣು ಮಾಡಿ, ಒಬ್ಬಳೇ ಮನೆಗೆ ಬಂದು, ಮುಖ ತೊಳೆದು ನನಗೆ 'ಅಮ್ಮ ಆರಾಮ' ಎಂದು ಬರೆದೆಯಲ್ಲ, ಅದನ್ನು ನೆನೆದರೆ ಎದೆ ಒಡೆಯುತ್ತದೆ.

ನಾನೂ ನಿನಗೆ ಸುಳ್ಳು ಬರೆದಿದ್ದೆ. ಜ್ವರ ಅಲ್ಲ. ಬಂದರಿನ ಗೇಟಿನಲ್ಲಿ ನಾನು ಮೂವರ ಹೆಸರು ಹೇಳುತ್ತಿದ್ದೆ, ಎರಡನೆಯ ಹೆಸರಿಗೆ ಲಾಠಿಯ ತುದಿ ಗಂಟಲಿಗೆ ಬಿತ್ತು. ಠಾಣೆಯಲ್ಲಿ ಹೆಸರು ಕೇಳಿದರು. ಹೇಳೋಣವೆಂದರೆ ದನಿ ಹೊರಡಲಿಲ್ಲ. ಯಾರೋ ಮೂಗ ಎಂದು ಕೆಲವು ವಾರ ಇಟ್ಟು ಬಿಟ್ಟುಬಿಟ್ಟರು. ಇಡೀ ರಾಜ್ಯ ಹುಡುಕುತ್ತಿದ್ದ ಗುಡುಗು ಅವರ ಕೈಯಲ್ಲೇ ಇದ್ದ, ಸದ್ದಿಲ್ಲದ್ದಕ್ಕೆ ಗುರುತು ಸಿಗಲಿಲ್ಲ. ನಗು ಬಂದರೆ ನಗು. ದನಿ ಮರಳುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಎಷ್ಟು ಜನ ಮೂಗರ ಗಂಟಲ ಮೇಲೆ ಈ ಕೈ ಇಟ್ಟಿದ್ದೇನೆ. ಈಗ ಅದೇ ಕೈಯನ್ನು ನನ್ನ ಗಂಟಲ ಮೇಲೆ ಇಟ್ಟುಕೊಂಡು ಕೂತಿರುತ್ತೇನೆ. ದೇವರು ಏನೂ ಹೇಳುವುದಿಲ್ಲ. ನಾನೂ ಏನೂ ಹೇಳುವ ಹಾಗಿಲ್ಲ. ಇಬ್ಬರೂ ಸುಮ್ಮನೆ ಕೂತಿರುತ್ತೇವೆ.

ಮೊನ್ನೆ ಟೇಪು ಹೊರಗೆ ತೆಗೆದೆ. ಕ್ಯಾಂಟೀನಿನಲ್ಲಿ ಅಡುಗೆಯಾಕೆಯ ಹತ್ತಿರ ಒಂದು ಹಳೆಯ ಟೇಪ್‌ರೆಕಾರ್ಡರ್ ಇದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು, ಅಲ್ಲೇ ಹಾಕಿದಳು. ನನ್ನ ದನಿ ಬಂತು. ತಟ್ಟೆಗಳು ಅದುರಿದವು. ಅಡುಗೆಯಾಕೆ ಕಿವಿ ಮುಚ್ಚಿಕೊಂಡು "ಅಬ್ಬಾ, ಯಾರಪ್ಪ ಇವ್ನು, ಹಿಂಗ್ ಕೂಗ್ತಾನೆ!" ಅಂದಳು. ಕೂಟಕ್ಕೆ ಮೊದಲಿಂದ ಬರುತ್ತಿದ್ದವರು ಅವಳಿಗೆ ನನ್ನ ಕಡೆ ಸನ್ನೆ ಮಾಡಿದರು. ಅವಳು ನಾಲಿಗೆ ಕಚ್ಚಿಕೊಂಡಳು. ನಾನು ಅಷ್ಟು ಜೋರಾಗಿ ಮಾತಾಡುತ್ತಿದ್ದೆನೆಂದು ನನಗೇ ಗೊತ್ತಿರಲಿಲ್ಲ.

ಮೂವರ ಹೆಸರು ಬಂತು. ಬೆಂಚಿನ ಮಾತು ಬಂತು. ಆಮೇಲೆ ಆ ಮೌನ.

ಅದು ನನಗೆ ನೆನಪಿದ್ದಂಥ ಮೌನವೇ ಅಲ್ಲ. ಫ್ಯಾನು ತಿರುಗುತ್ತಿದೆ. ಯಾರೋ ಬೆಂಚಿನಲ್ಲಿ ಸರಿದು ಕೂತರು. ಒಂದು ಮಗು ಏನೋ ಕೇಳಿತು, ಅದರ ತಾಯಿ ಬಾಯಿ ಮುಚ್ಚಿಸಿದಳು. ಯಾರೋ ಗಂಟಲು ಸರಿಮಾಡಿಕೊಂಡರು. ಆ ಸದ್ದು ನನಗೆ ಗೊತ್ತು, ನಿನಗೂ ಗೊತ್ತು, ಬಾಗಿಲು ತಟ್ಟುವ ಮೊದಲು ಅವಳು ಮಾಡುತ್ತಿದ್ದ ಸದ್ದು. ಆಮೇಲೆ ಸಣ್ಣಗೆ, ಯೋಚನೆ ಮಾಡಿ, "ಆಮೆನ್."

ಮರುಗಳಿಗೆಗೇ ನಾನು ಮತ್ತೆ ಶುರುಮಾಡಿದ್ದೇನೆ.

"ಯಾರದು, ಆ ಹೆಂಗ್ಸು?" ಎಂದು ಅಡುಗೆಯಾಕೆ ಕೇಳಿದಳು. ಹೇಳಲಾಗಲಿಲ್ಲ. ವೆಲ್ಡಿಂಗ್ ಮಾಡುವಾಗ ಗುರುತು ಹಾಕುವ ಸೀಮೆಸುಣ್ಣ ಜೇಬಿನಲ್ಲಿತ್ತು, ಮೇಜಿನ ಮೇಲೆ 'ಅಮ್ಮ' ಎಂದು ಬರೆದೆ. ಅವಳು ಅದನ್ನು ಒರೆಸದೆ ಆ ಮೇಜಿನಲ್ಲಿ ಯಾರನ್ನೂ ಕೂರಿಸದೆ ಬಿಟ್ಟಳು.

ಅವಳು ಅಂದಿದ್ದಳು, ಸೂಜಿ. ನಾನು ಅವಳಿಗೆ ಕೈ ಮುಗಿಯದೆ ಬಂದೆ. ಅವಳು ಕೇಳಿದ್ದು ಎರಡು ಅಕ್ಷರ. ಯಾರಿಗೆ ಬರೆಯಲಿ ಈಗ?

ಟೇಪನ್ನು ಕಳಿಸುತ್ತಿದ್ದೇನೆ. ನನ್ನ ದನಿಗಾಗಿ ಅಲ್ಲ. ಅದು ನಿನ್ನ ಹತ್ತಿರ ಇರಲಿ.

ಅಣ್ಣ


ಆಗಸ್ಟ್ 29

ಅಣ್… …ಗೆ, …ಜಿಯ …ಗಳು.

ಖಾಲಿ ಕಾಗದದ ಮೇಲೆ ನಾನೇ ಒತ್ತಿದೆ. ಬಾಟಲಿಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ.

ಇದರ ಜೊತೆಗೆ ಜೂನ್ ಒಂಬತ್ತರ ಕಾಗದ ಇಟ್ಟಿದ್ದೇನೆ. ಹೊಲಿಗೆ ಯಂತ್ರದ ಖಾನೆಯಲ್ಲಿತ್ತು, ನೂಲಿನ ಚೂರು ಅಂಟಿಕೊಂಡಿದೆ. ಅದನ್ನು ಮೊದಲು ಓದು. 'ಯಾರಿಗೆ ಬರೆಯಲಿ' ಎಂದು ಕೇಳಿದ್ದೀಯಲ್ಲ, ಅದಕ್ಕೆ ಉತ್ತರ ಅದರಲ್ಲಿದೆ. ನಿನಗೆ ಕೇಳಿಸಿತು ಎಂದು ಅವಳಿಗೆ ಆಗಲೇ ಹೇಳಿಯಾಗಿತ್ತು. ಅವಳು ನಂಬಿ ಹೋದಳು. ಸುಳ್ಳು ಹೇಳಿದೆನೆಂದು ಎರಡು ತಿಂಗಳು ನನಗೆ ನಿದ್ದೆಯಿರಲಿಲ್ಲ. ಈಗ ಅದು ಸುಳ್ಳಲ್ಲ.

ನಿನ್ನ ಗಂಟಲಿನ ವಿಷಯ ಓದಿ ನಾನು ನಗಲಿಲ್ಲ. ಚಿಕ್ಕಂದಿನಲ್ಲಿ ನಿನ್ನ ಬಾಯಿ ಮುಚ್ಚಿಸು ದೇವರೇ ಎಂದು ನಾನು ಎಷ್ಟು ಸಲ ಪ್ರಾರ್ಥಿಸಿದ್ದೆ. ಅವು ಯಾವುವೂ ಲೆಕ್ಕಕ್ಕಿಲ್ಲ ಎಂದು ಅವನಿಗೆ ದಿನಾ ಹೇಳುತ್ತಿದ್ದೇನೆ.

ಟೇಪನ್ನು ನಿನ್ನೆ ಸಂಜೆ ಹಾಕಿದೆ. ಕಿಟಕಿ ಮುಚ್ಚಲಿಲ್ಲ. ಮೀಸೆ ಇನ್ನೂ ಕಟ್ಟೆಯ ಮೇಲೆ ಕೂರುತ್ತಾನೆ. ಚಹಾ ಈಗ ನಾನೇ ಕಳಿಸುತ್ತೇನೆ. ನಿನ್ನ ದನಿ ಕೇಳಿ ತಟ್ಟನೆ ಎದ್ದು ನಿಂತ. ಆಮೇಲೆ ಟೇಪು ಎಂದು ಗೊತ್ತಾಗಿ ಕೂತ. ಮೂವರ ಹೆಸರು ಬಂದಾಗ ಮತ್ತೆ ಎದ್ದು, ಬೀದಿಯ ಆ ತುದಿಗೆ ಹೋಗಿ ಬೆನ್ನು ಹಾಕಿ ನಿಂತ. ಕೇಳಿಸಿಕೊಳ್ಳದೆ ಇರುವುದೂ ಒಂದು ಉಪಕಾರ.

ಅಮ್ಮನ ದನಿ ಬಂತು. ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಕೇಳಿದೆ. ಎಷ್ಟು ಸಲವೋ ಗೊತ್ತಿಲ್ಲ. ಸ್ಪೀಕರಿಗೆ ಕಿವಿ ಹಚ್ಚಿ ಕೂತಿದ್ದೆ.

ಅಣ್ಣ, ನೀನು ಈಗಲೂ ಪೂರ್ತಿ ಕೇಳಿಲ್ಲ. ಅವಳು ಎರಡು ಸಲ ಅಂದಿದ್ದಾಳೆ. ಮೊದಲನೆಯದು ಮುಗಿಯುತ್ತಿದ್ದ ಹಾಗೆ ನೀನು "ಒಬ್ಬರಿಗೂ ಧೈರ್ಯ ಇಲ್ವಾ?" ಎಂದು ಕೂಗುತ್ತೀಯಲ್ಲ, ಎಂದಿನ ಹಾಗೆ ಕಣ್ಣು ಮುಚ್ಚಿಕೊಂಡೇ ಇರಬೇಕು, ಎರಡನೆಯದು ಅದರ ಅಡಿಯಲ್ಲಿ ಸಿಕ್ಕಿಕೊಂಡಿದೆ. ಆದರೂ ಗೊತ್ತಾಗುತ್ತದೆ. ಅವಳು ಎದ್ದು ನಿಂತಿರಬೇಕು, ಬೆಂಚು ಕಿರ್ ಅನ್ನುವುದು ಕೇಳುತ್ತದೆ. ಅಷ್ಟು ಜೋರಾಗಿ ಅಮ್ಮ ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಸೂಜಿ